ಐದು ಮೀಟರಿನೊಳಗೆ ಕಳೆದುಹೋದ ಅಟ್ಟಣೆಗಳು

ಗುರುವಾರ ಬೆಳಗಿನ ಐದೂಮುಕ್ಕಾಲು. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಹಿಟ್ಟಿನ ಮಿಲ್ಲು, ಅದರ ಮಹಡಿಯ ಮೇಲೆ ಒಂದು ಸರ್ವೆ ಆಫೀಸು. ಕೆಳಗೆ ಮಿಲ್ಲಿನ ಬಾಗಿಲು ಇನ್ನೂ ತೆರೆದಿಲ್ಲ. ಮೇಲೆ ಶಿವರಂಜಿನಿ ಕಿವಿ ಮುಚ್ಚುವ ಹಾಗೆ ಶಾಲು ಸುತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಆಷಾಢದ ಗಾಳಿ ಕಿಟಕಿಯನ್ನು ಬಡಿದು ಬಡಿದು ಹೋಗುತ್ತಿದೆ. ಪರದೆ ಪೂರ್ತಿ ಕಪ್ಪು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಗಳಿಲ್ಲ. ಬಿಳಿ ಅಕ್ಷರದ ಒಂದೇ ಒಂದು ಸಾಲಿದೆ. ಅವರು ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿಕೊಂಡು ಎಂಟರ್ ಒತ್ತುತ್ತಾರೆ.

“ಈಗ ಇಪ್ಪತ್ತೈದು ನಿಮಿಷ ಇದನ್ನ ಯಾರೂ ಮುಟ್ಟಂಗಿಲ್ಲ ಸಾ. ಟೀ ಕುಡೀತೀರಾ?”

ಮೂರು ವಾರದ ಹಿಂದೆ ಬೇಡವೆಂದು ತಾವೇ ಎಸೆದದ್ದನ್ನು ಶಿವರಂಜಿನಿ ಈಗ ಹುಡುಕಿ ತೆಗೆಯುತ್ತಿದ್ದಾರೆ. ಸೋಮವಾರ ಬೆಳಿಗ್ಗೆ ಹಂಗಳದ ಕಡೆ ಎಳೆದಿರುವ ಹೊಸ ಹೈಟೆನ್ಷನ್ ಲೈನಿಗೆ ಕರೆಂಟ್ ಬಿಡುತ್ತಾರೆ. ಲೈನಿನ ಕೆಳಗೆ ಏನೂ ಇಲ್ಲ, ಎಲ್ಲ ಖಾಲಿ ಎಂದು ಇದೇ ಆಫೀಸಿನಿಂದ ವರದಿ ಹೋಗಿದೆ. ಆದರೆ ಅಲ್ಲಿ ಅಟ್ಟಣೆಗಳಿವೆ. ಆನೆ, ಹಂದಿ ಬಂದು ಮುಸುಕಿನ ಜೋಳ ಮೇಯದಂತೆ ಹೊಲ ಕಾಯಲು ನಾಲ್ಕು ಬಿದಿರ ಕಂಬ ನೆಟ್ಟು, ಮೇಲೆ ಹಲಗೆ ಹಾಸಿ, ರೈತರು ಕಟ್ಟಿಕೊಂಡ ಅಟ್ಟಣೆಗಳು. ಎಷ್ಟಿವೆ, ಎಲ್ಲೆಲ್ಲಿವೆ ಎಂಬುದು ಸೋಮವಾರದೊಳಗೆ ಗೊತ್ತಾಗದಿದ್ದರೆ, ಅದರ ಮೇಲೆ ಎದ್ದು ನಿಂತು ಆನೆ ಬಂತೆಂದು ಕೋಲು ಎತ್ತಿದವನ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಂದದ್ದು ಎಲೆಮರೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ಬಗ್ಗೆ ನಿಧಾನವಾಗಿ, ಎರಡು ಲೋಟ ಟೀ ಕುಡಿದು ಬರೆಯೋಣವೆಂದು. ಟೀ ಏನೋ ಸಿಕ್ಕಿತು. ನಿಧಾನ ಮಾತ್ರ ಆ ಆಫೀಸಿನಲ್ಲಿ ಅವತ್ತು ಯಾರ ಹತ್ತಿರವೂ ಇರಲಿಲ್ಲ.

ಶಿವರಂಜಿನಿಯವರ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಲಿಡಾರ್ ಎಂಬ ಯಂತ್ರವೊಂದಿದೆ. ಅದು ಸುತ್ತಲೂ ಬೆಳಕಿನ ಕಿರಣ ಎಸೆಯುತ್ತದೆ. ಕಿರಣ ಎದುರಿಗಿದ್ದದ್ದಕ್ಕೆ ತಾಗಿ ವಾಪಸು ಬರಲು ಹಿಡಿದ ಹೊತ್ತನ್ನು ಅಳೆದು, ಅದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ, ಅಲ್ಲೊಂದು ಚುಕ್ಕೆ ಇಡುತ್ತದೆ. ಸೆಕೆಂಡಿಗೆ ಮೂರು ಲಕ್ಷ ಚುಕ್ಕೆ. ಇದೇ ಆಫೀಸಿನ ಸೋಮೇಶ್ ಆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಕೆರೆ ಏರಿ, ರಸ್ತೆ, ಕಾಲುವೆ, ಲೈನು ಎಂದು ನಡೆಯುತ್ತಾರೆ. ಒಂದು ದಿನ ನಡೆದು ಬಂದರೆ ನೂರು ಕೋಟಿಗೂ ಹೆಚ್ಚು ಚುಕ್ಕೆ. ಅದರಲ್ಲಿ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ದೂರದ ಲೆಕ್ಕದಲ್ಲಿ ಜರಡಿ ಹಿಡಿಯುವುದು ಶಿವರಂಜಿನಿಯವರ ಪಾಲಿನ ಕೆಲಸ. ಬಹಳ ದೂರದ ಚುಕ್ಕೆಗಳನ್ನು ನಂಬುವ ಹಾಗಿಲ್ಲವೆಂದು ಅರವತ್ತು ಮೀಟರ್ ಆಚೆಯದನ್ನು ತೆಗೆಯುತ್ತಾರೆ. ತೀರಾ ಹತ್ತಿರದ್ದನ್ನೂ ತೆಗೆಯಲೇಬೇಕು. ಏಕೆಂದರೆ ತೀರಾ ಹತ್ತಿರ ಇರುವುದು ಸ್ವತಃ ಸೋಮೇಶ್.

“ಯಂತ್ರ ಹೊತ್ಕಂಡು ಅವ್ರೂ ಜೊತೇಲೇ ನಡೀತಾರಲ್ಲ ಸಾ, ಹೆಜ್ಜೆ ಹೆಜ್ಜೆಗೂ ಅವ್ರ ಮೇಲೂ ಚುಕ್ಕೆ ಬೀಳ್ತದ. ಕೊನೇಲಿ ನೋಡಿದ್ರ ದಾರಿ ಉದ್ದಕ್ಕೂ ಒಂದು ಗೋಡೆ ಕಟ್ದಂಗ ಇರ್ತದ. ಗೋಡೆ ಅಲ್ಲ ಅದು, ಸೋಮೇಶಣ್ಣ.”

ಇದನ್ನೆಲ್ಲ ಬಣ್ಣಬಣ್ಣದ ಚಿತ್ರದಲ್ಲಿ ನೋಡುತ್ತಾ ಮಾಡುವ ದೊಡ್ಡ ಕಂಪ್ಯೂಟರುಗಳು ದೊಡ್ಡ ಊರಿನಲ್ಲಿವೆ. ಇಲ್ಲಿರುವುದು ಎಂಟು ವರ್ಷದ ಹಳೆಯ ಪೆಟ್ಟಿಗೆ. “ನೂರು ಕೋಟಿ ಚುಕ್ಕೆ ಬಿಡಿಸಿ ತೋರ್ಸು ಅಂದ್ರ ಇದು ಅಲ್ಲೇ ಕೈ ಎತ್ಬುಡ್ತದ. ಅದ್ಕೇ ನಾನು ನೋಡಕ್ಕೇ ಹೋಗಲ್ಲ, ಕೇಳ್ತೀನಿ. ಇಷ್ಟು ದೂರದಿಂದ ಇಷ್ಟು ದೂರ ಮಾತ್ರ ಕೊಡು ಅಂತ ಬರದ್ರೆ ಕೊಡ್ತದ.” ಹಾಗೆ ಕೇಳುವ ಸಾಲುಗಳೇ ಕಪ್ಪು ಪರದೆಯ ಕಮಾಂಡುಗಳು. ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಪ್ರೋಗ್ರಾಂ. ಅದರ ಹೆಸರು ಬರೆದು, ಪಕ್ಕದಲ್ಲಿ ದೂರ ಬರೆದು, ಯಾವ ಫೈಲಿನಿಂದ ಯಾವ ಫೈಲಿಗೆ ಎಂದು ಬರೆದರೆ ಮುಗಿಯಿತು. ಮೇಜಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕಿದೆ. ಅದರಲ್ಲಿ ಪ್ರತಿ ಕಮಾಂಡಿನ ಕೆಳಗೂ ದುಂಡನೆಯ ಕನ್ನಡದಲ್ಲಿ ಅದರ ಅರ್ಥ ಬರೆದಿದೆ. ‘ಹತ್ತಿರದ್ದು ಬೇಡ.’ ‘ದೂರದ್ದು ಬೇಡ.’ ‘ಎರಡೂ ಬೇಡ, ನಡುವಿನದು ಸಾಕು.’ ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ, ‘ಮೂಲ ಫೈಲ್ ಅಳಿಸಬೇಡ, ಯಾರು ಹೇಳಿದರೂ ಅಳಿಸಬೇಡ.’

ಶಿವರಂಜಿನಿಗೆ ಇಪ್ಪತ್ತೇಳು ವರ್ಷ. ಊರು ಚಾಮರಾಜನಗರದ ಪಕ್ಕದ ಹರದನಹಳ್ಳಿ. ತಾಯಿ ದೊಡ್ಡಮಾದಮ್ಮ ಹೊಲದ ಕೆಲಸಕ್ಕೆ ಹೋಗುವವರು, ತಂದೆ ರಾಚಯ್ಯ ಅರಿಶಿನ ಬೇಯಿಸುವ ಕಡೆ ಕೆಲಸ ಮಾಡಿದವರು. ಮಗಳು ಸಿವಿಲ್ ಡಿಪ್ಲೊಮಾ ಓದಿದರು. ಆರು ವರ್ಷದ ಹಿಂದೆ ಈ ಆಫೀಸಿಗೆ ಸೇರಿದ್ದು ಅರ್ಜಿ ತುಂಬಲು, ನಕ್ಷೆ ಜೆರಾಕ್ಸ್ ಮಾಡಲು. ಕಪ್ಪು ಪರದೆಯ ಕೆಲಸ ಆಗ ಬೇರೊಬ್ಬರದಾಗಿತ್ತು. ಅವರು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟರು. ಯಜಮಾನ ಗುರುಪಾದಸ್ವಾಮಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಈ ಹುಡುಗಿ, “ನಾನು ನೋಡ್ಲಾ ಸಾ?” ಎಂದು ಕೇಳಿತಂತೆ.

ಇಂಗ್ಲಿಷಿನ ಸಹಾಯ ಪುಟಗಳನ್ನು ಒಂದೊಂದೇ ಪದಕ್ಕೆ ಅರ್ಥ ಹುಡುಕಿಕೊಂಡು ಓದಿದರು. ಹರದನಹಳ್ಳಿಯಿಂದ ಚಾಮರಾಜನಗರ, ಅಲ್ಲಿಂದ ಗುಂಡ್ಲುಪೇಟೆ. ಹೋಗುತ್ತಾ ಬರುತ್ತಾ ಬಸ್ಸಿನಲ್ಲೇ ಪಾಠ. ಚಂದಕವಾಡಿ ಕಡೆಯ ಒಂದು ಕೆರೆ ಏರಿಯದು ಅವರು ಒಬ್ಬರೇ ಮಾಡಿದ ಮೊದಲ ಕೆಲಸ. ಅಲ್ಲಿ ದೊಡ್ಡದು, ಚಿಕ್ಕದು ಎನ್ನುವ ಗುರುತನ್ನು ಅದಲುಬದಲು ಹಾಕಿಬಿಟ್ಟರು. ಹತ್ತಿರದ್ದು ಬಿಟ್ಟು ದೂರದ್ದು ಕೊಡು ಎನ್ನುವ ಬದಲು ದೂರದ್ದು ಬಿಟ್ಟು ಹತ್ತಿರದ್ದು ಕೊಡು ಎಂದಾಯಿತು. ಯಂತ್ರ ಕೇಳಿದ್ದನ್ನು ಕೊಟ್ಟಿತು. ಕೆರೆ ಮಾಯ, ಏರಿ ಮಾಯ. ಎಂಟುನೂರು ಮೀಟರ್ ಉದ್ದದ ಸೋಮೇಶ್ ಒಬ್ಬರೇ ಉಳಿದರು.

“ಇವತ್ತಿಗೂ ರೇಗಿಸ್ತಾರ ಸಾ. ಆ ಫೋಟೊ ಫ್ರೇಮ್ ಆಕ್ಸ್ಕೊಡು ಕಣಮ್ಮಿ, ಮನ್ಲಿ ನೇತಾಕ್ತೀನಿ ಅಂತ.”

ಅಲ್ಲಿಂದ ಇಲ್ಲಿಗೆ ಮೂವತ್ತೇಳು ಕೆರೆ, ನೂರಾನಲವತ್ತು ಕಿಲೋಮೀಟರ್ ರಸ್ತೆ ಇವರ ಜರಡಿಯಲ್ಲಿ ಹಾದುಹೋಗಿವೆ. ವಾರದ ದಿನಗಳಲ್ಲಿ ಆಫೀಸಿನ ಹಿಂದಿನ ಬೀದಿಯಲ್ಲೇ ಒಂದು ಕೋಣೆ ಹಿಡಿದು ಇರುತ್ತಾರೆ. ಬೆಳಗಿನ ಐದೂವರೆಗೇ ಆಫೀಸಿನ ಬೀಗ ತೆಗೆಯುವುದಕ್ಕೆ ಕಾರಣ ಕೆಳಗಿನ ಹಿಟ್ಟಿನ ಮಿಲ್ಲು. ಎಂಟಕ್ಕೆ ಮಿಲ್ಲು ಶುರುವಾದರೆ ವೋಲ್ಟೇಜ್ ಬಿದ್ದು ಕಂಪ್ಯೂಟರು ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡ ಫೈಲುಗಳೆಲ್ಲ ಅಷ್ಟರೊಳಗೆ ಮುಗಿಯಬೇಕು. ಇಷ್ಟೆಲ್ಲ ಮಾಡಿಯೂ ಯಾವ ವರದಿಯಲ್ಲೂ ಅವರ ಹೆಸರು ಇರುವುದಿಲ್ಲ. ವರದಿಯ ಕೊನೆಯಲ್ಲಿ ಗುರುಪಾದಸ್ವಾಮಿಯವರ ಸಹಿ, ಆಫೀಸಿನ ಮೊಹರು. ಅದು ಸರ್ವೆ ಆಫೀಸುಗಳ ಪದ್ಧತಿ, ಯಾರೂ ಬೇಕೆಂದು ಮಾಡಿದ್ದಲ್ಲ.

ಇನ್ನು ಲೈನಿನ ವಿಷಯ. ಹತ್ತೊಂಬತ್ತು ಕಿಲೋಮೀಟರ್ ಉದ್ದದ ಲೈನು, ಸೋಮೇಶ್ ಅದರ ಕೆಳಗೆ ಹನ್ನೊಂದು ದಿನ ನಡೆದರು. ಕಾಡಂಚಿನ ಜಾಗವಾದ್ದರಿಂದ ಒಬ್ಬರೇ ಹೋಗುವಂತಿಲ್ಲ. ಪಟಾಕಿ ಹಿಡಿದು ಇಬ್ಬರು, ನೀರಿನ ಕ್ಯಾನು ಹೊತ್ತು ಒಬ್ಬರು ಜೊತೆಗಿದ್ದರು. ಹಾಗಾಗಿ ಒಂದು ಗೋಡೆಯ ಬದಲು ನಾಲ್ಕು ಗೋಡೆ. ಒಬ್ಬರಿದ್ದಾಗ ಎರಡು ಮೀಟರ್ ಒಳಗಿನ ಚುಕ್ಕೆಗಳನ್ನು ತೆಗೆದರೆ ಸಾಕಾಗುತ್ತಿತ್ತು. ನಾಲ್ವರು ಹಿಂದೆ ಮುಂದೆ ಚದುರಿ ನಡೆದಿದ್ದಾರೆಂದು ಶಿವರಂಜಿನಿ ಅದನ್ನು ಐದು ಮೀಟರ್ ಮಾಡಿದರು. ಜನರೆಲ್ಲ ಮಾಯವಾಗಿ ಫೈಲು ತೊಳೆದಿಟ್ಟಂತೆ ಬಂತು. ಲೈನಿನ ಎಂಜಿನಿಯರು ಮೆಚ್ಚಿಕೊಂಡರು. ವರದಿ ಹೋಯಿತು.

ಬುಧವಾರ ಸಂಜೆ, ಅಂದರೆ ನಾನು ಹೋದ ಹಿಂದಿನ ದಿನ, ಮುಂದಿನ ಕೆಲಸಕ್ಕೆ ಎಷ್ಟು ದಿನ ಬೇಕಾಗಬಹುದೆಂದು ಗುರುಪಾದಸ್ವಾಮಿ ಕೇಳಿದ್ದಾರೆ. ಅಂದಾಜಿಗೆಂದು ಶಿವರಂಜಿನಿ ಹಳೆಯ ನಡಿಗೆಯ ದಾಖಲೆ ತೆಗೆದಿದ್ದಾರೆ. ಯಂತ್ರ ಯಾವ ಸೆಕೆಂಡಿನಲ್ಲಿ ಎಲ್ಲಿತ್ತು ಎಂದು ಹೇಳುವ ಫೈಲು ಅದು. ಹನ್ನೊಂದು ದಿನದಲ್ಲಿ ಒಂಬತ್ತು ಕಡೆ ಯಂತ್ರ ಹತ್ತು ಹದಿನೈದು ನಿಮಿಷ ನಿಂತಿದೆ. ಪಕ್ಕದ ಮೇಜಿನಲ್ಲಿದ್ದ ಸೋಮೇಶ್ ಅವರನ್ನು ಕೇಳಿದ್ದಾರೆ. ಆ ಮಾತುಕತೆಯನ್ನು ಇಬ್ಬರೂ ನನ್ನೆದುರು ಇನ್ನೊಮ್ಮೆ ಆಡಿ ತೋರಿಸಿದರು.

“ಅಣ್ಣ, ಮೂವತ್ತೊಂದನೇ ಟವರ್ ದಾಟಿ ಅಲ್ಲಿ ಹದಿಮೂರು ನಿಮಿಷ ಏನ್ ಮಾಡ್ತಿದ್ರಿ?”

“ಕೂತಿದ್ದೋ ಕಣಮ್ಮಿ. ಹನ್ನೊಂದು ಕೇಜಿ ಅದ ಅದು. ಬೆನ್ನು ಇಳಿಸ್ಕಳದು ಬ್ಯಾಡ್ವಾ?”

“ಎಲ್ಲಿ ಕೂತಿದ್ರಿ?”

“ನೆಳ್ಳಲ್ಲಿ.”

“ಯಾವ ನೆಳ್ಳು? ಲೈನ್ ಕೆಳಗ ಒಂದು ಮರನೂ ಉಳಿಸಿಲ್ವಲ್ಲ.”

“ಮರ ಎಲ್ಲಿಂದ ಬತ್ತದ? ಅಟ್ಟಣೆ ಕೆಳಗ ಕೂತಿದ್ದೋ.”

ಶಿವರಂಜಿನಿ ಕುರ್ಚಿಯಿಂದ ಎದ್ದು ನಿಂತುಬಿಟ್ಟರಂತೆ. ಯಾವ ಅಟ್ಟಣೆ? ಅವರ ಫೈಲಿನಲ್ಲಿ ಅಟ್ಟಣೆಯೇ ಇಲ್ಲ. ಇರುವುದಾದರೂ ಹೇಗೆ? ಬಿಸಿಲಲ್ಲಿ ನಡೆದು ಬಂದ ಮನುಷ್ಯ ನೆರಳು ಕಂಡರೆ ನೇರ ಅದರ ಬುಡಕ್ಕೇ ಹೋಗುತ್ತಾನೆ. ಬುಡದಲ್ಲಿ ಕೂತಾಗ ಅಟ್ಟಣೆಯ ಕಾಲು, ಹಲಗೆ, ಚಾವಣಿ ಎಲ್ಲವೂ ಐದು ಮೀಟರಿನ ಒಳಗೇ. ಸೋಮೇಶ್ ಜೊತೆಗೆ ಅಟ್ಟಣೆಯೂ ಜರಡಿಯಲ್ಲಿ ಹೋಯಿತು. ದೂರದಿಂದ ನಡೆದು ಬರುವಾಗ ಬಿದ್ದ ಚೂರುಪಾರು ಚುಕ್ಕೆಗಳು ಆಳೆತ್ತರದ ಜೋಳದ ಗರಿಗಳ ನಡುವೆ ಬೆಳೆ ಎಂದೇ ಲೆಕ್ಕವಾದವು.

“ನೀವು ಒಂದ್ ಮಾತು ಯೋಳ್ಬಾರ್ದಿತ್ತಾ ಅಣ್ಣ?” ಎಂದಿದ್ದಕ್ಕೆ ಸೋಮೇಶ್ ಮುಖ ಸಣ್ಣದು ಮಾಡಿದರು. “ಮಿಷನ್ನು ನನ್ ಬೆನ್ನ ಮ್ಯಾಲೇ ಇತ್ತಲ್ಲಮ್ಮಿ. ಅದೇ ನೋಡ್ಕತದ ಅನ್ಕಂಡೆ.”

ಯಾರ ಮೇಲೂ ತಪ್ಪು ಹೊರಿಸಲು ಶಿವರಂಜಿನಿಗೆ ಇಷ್ಟವಿಲ್ಲ. “ನಮ್ಮೂರ್ ಕಡ ಇಷ್ಟೊಂದು ಆನೆ ಕಾಯೋರಿಲ್ಲ ಸಾ. ಅಟ್ಟಣೆ ಅನ್ನೋದು ನಂಗ ತಲೇಗೇ ಹೊಳೀನಿಲ್ಲ. ಹಂಗಳದವಳಾಗಿದ್ರ ಹೊಳೀತಿತ್ತೇನೋ.” ಲೋಟ ಕೆಳಗಿಟ್ಟು ಮತ್ತೆ ಪರದೆಯ ಕಡೆ ತಿರುಗಿದರು.

ಅದಕ್ಕೇ ಗುರುವಾರ ಬೆಳಗಿನ ಈ ಕಮಾಂಡು. ಮೂಲ ಫೈಲುಗಳನ್ನು ಅಳಿಸಿರಲಿಲ್ಲ, ಸದ್ಯ. ಈ ಸಲ ಜರಡಿಯನ್ನು ತಿರುಗಿಸಿ ಹಿಡಿದಿದ್ದಾರೆ. ಐದು ಮೀಟರ್ ಒಳಗಿನದನ್ನು ಮಾತ್ರ ಕೊಡು, ಅದರಲ್ಲೂ ನೆಲದಿಂದ ಎರಡೂವರೆ ಮೀಟರಿಗಿಂತ ಎತ್ತರದಲ್ಲಿರುವುದನ್ನು ಮಾತ್ರ ಕೊಡು. “ಅಷ್ಟು ಎತ್ರುದ ಮನುಷ್ಯ ಯಾರೂ ಇಲ್ವಲ್ಲ ಸಾ, ಯಂತ್ರದ ಕೋಲೂ ಅದ್ರಿಂದ ಕೆಳಗೇ ಬತ್ತದ. ಜೋಳನೂ ಅಷ್ಟು ಬೆಳೆದಿಲ್ಲ. ಅಲ್ಲಿ ಏನಾರ ಉಳುದ್ರ ಅದು ಅಟ್ಟಣೇನೇ. ಚಂದಕವಾಡಿ ಕೆರೇಲಿ ತಪ್ಪಾಗಿ ಮಾಡಿದ್ದನ್ನೇ ಈಗ ಬೇಕಂತ ಮಾಡ್ತಾ ಇವ್ನಿ ನೋಡಿ.”

ಹನ್ನೊಂದು ದಿನದ ಹನ್ನೊಂದು ಫೈಲು. ಆರು ಬುಧವಾರ ಮಿಲ್ಲು ನಿಂತ ಮೇಲೆ ರಾತ್ರಿಯೇ ಮುಗಿದಿದ್ದವು. ನಾನು ನೋಡುತ್ತಿದ್ದಂತೆ ನಾಲ್ಕು ಮುಗಿದವು. ಕೊನೆಯದು ಓಡುತ್ತಿರುವಾಗ ಎಂಟು ಗಂಟೆಯಾಯಿತು. ಕೆಳಗೆ ಮಿಲ್ಲಿನ ಬಾಗಿಲು ಎತ್ತಿದ ಸದ್ದು. ಶಿವರಂಜಿನಿ ಎರಡೆರಡೇ ಮೆಟ್ಟಿಲು ಹಾರಿ ಇಳಿದರು, ಹಿಂದೆ ನಾನು. ರಾಗಿ ಚೀಲ ಹಿಡಿದು ಆರೇಳು ಜನ ಸಾಲಾಗಿ ನಿಂತಿದ್ದರು. ಮಿಲ್ಲಿನ ಶಾಂತಮಲ್ಲಮ್ಮ ಸ್ವಿಚ್ಚಿನ ಮೇಲೆ ಕೈ ಇಟ್ಟಾಗಿತ್ತು.

“ಅಕ್ಕಾ, ಇಪ್ಪತ್ತು ನಿಮಿಷ ತಡೀರಿ. ಜನದ ಜೀವದ ವಿಷ್ಯ.”

ಶಾಂತಮಲ್ಲಮ್ಮ ಒಮ್ಮೆ ಅವರ ಮುಖ ನೋಡಿದರು, ಕೈ ತೆಗೆದರು. ಸಾಲಿನಲ್ಲಿದ್ದವರೊಬ್ಬರು ಗೊಣಗಿದ್ದಕ್ಕೆ, “ಇಪ್ಪತ್ತು ನಿಮಿಷಕ್ಕ ನಿನ್ನ ರಾಗಿಗ ಹುಳ ಬೀಳಲ್ಲ, ಕೂತ್ಕ” ಎಂದು ಗದರಿದರು.

ಎಂಟೂಕಾಲು ದಾಟಿದ ಮೇಲೆ ಪಟ್ಟಿ ಬಂತು. ಸೋಮೇಶ್ ಕೂತು ಎದ್ದ ಒಂಬತ್ತು, ಕೂರದೆ ಪಕ್ಕದಲ್ಲೇ ಹಾದುಹೋದ ಐದು. ಒಟ್ಟು ಹದಿನಾಲ್ಕು ಅಟ್ಟಣೆ. ಪ್ರತಿಯೊಂದರ ಪಕ್ಕ ಅದರ ಚಾವಣಿಯಿಂದ ತಂತಿಗೆ ಎಷ್ಟು ದೂರ ಎಂಬ ಲೆಕ್ಕ. ಅತಿ ಕಡಿಮೆ ಇದ್ದದ್ದು ಎರಡು ಮೀಟರ್ ಎಂಬತ್ತು ಸೆಂಟಿಮೀಟರ್. ಅದೂ ಕರೆಂಟಿಲ್ಲದೆ ಬಿಗಿಯಾಗಿದ್ದ ತಂತಿ. ಕರೆಂಟು ಹರಿದು ಬಿಸಿಯಾದರೆ ತಂತಿ ಇನ್ನೂ ಕೆಳಗೆ ಜೋತುಬೀಳುತ್ತದೆ.

ಗುರುಪಾದಸ್ವಾಮಿ ಒಂಬತ್ತಕ್ಕೆ ಬಂದು ಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟರು. “ಕೊಟ್ಟ ವರದೀನ ತಪ್ಪು ಅಂತ ನಾವೇ ಹೇಳೋದೇನಮ್ಮ? ಇಪ್ಪತ್ತು ವರ್ಷದಲ್ಲಿ ಹಿಂಗಾಗಿಲ್ಲ” ಎಂದು ಎರಡು ಸಲ ಹೇಳಿದರು. ಮೂರನೇ ಸಲ ಹೇಳುವ ಮೊದಲು ಫೋನ್ ಎತ್ತಿಕೊಂಡು ಎಂಜಿನಿಯರಿಗೆ ಮಾಡಿದರು. ಎಂಜಿನಿಯರು ಬೈಯಲಿಲ್ಲ. ಆದರೆ ಮಾತು ಖಡಕ್ಕಾಗಿತ್ತು. ಭಾನುವಾರ ಸಂಜೆಯೊಳಗೆ ಪೂರ್ತಿ ಪಟ್ಟಿ ಬರೆದು ಕೊಡಿ. ಪಟ್ಟಿಯಲ್ಲಿರುವ ಒಂದೊಂದನ್ನೂ ಲೈನಿನಿಂದ ಆಚೆ ಸರಿಸಿದ ಮೇಲೆಯೇ ಕರೆಂಟ್ ಬಿಡುತ್ತೇವೆ. ಪಟ್ಟಿಯಲ್ಲಿ ಇಲ್ಲದ್ದು ನಮಗೆ ಗೊತ್ತಾಗುವುದಿಲ್ಲ.

“ಪಟ್ಟೀಲಿ ಇಲ್ದಿದ್ದು,” ಎಂದು ಶಿವರಂಜಿನಿ ಆ ಮಾತನ್ನು ತಮಗೆ ತಾವೇ ಹೇಳಿಕೊಂಡರು. ಸೋಮೇಶ್ ನಡೆದು ಮೂರು ವಾರ ಆಗಿದೆ. ಈ ಮೂರು ವಾರದಲ್ಲಿ ಜೋಳ ತೆನೆ ಕಟ್ಟಿದೆ. ತೆನೆ ಕಟ್ಟಿದ ಮೇಲೆ ತಾನೇ ಉಳಿದವರೂ ಅಟ್ಟಣೆ ಕಟ್ಟುವುದು?

ಶುಕ್ರವಾರ ಬೆಳಿಗ್ಗೆ ಶಿವರಂಜಿನಿ, ಸೋಮೇಶ್, ನಾನು ಎರಡು ಬೈಕಿನಲ್ಲಿ ಹಂಗಳದ ಕಡೆ ಹೊರಟೆವು. ತುಂತುರು ಮಳೆ, ಎದೆಗೆ ಹೊಡೆಯುವ ಗಾಳಿ. ಮೊದಲು ಹೋದದ್ದು ಪಟ್ಟಿಯಲ್ಲಿ ಅತಿ ಕಡಿಮೆ ದೂರವಿದ್ದ ಅಟ್ಟಣೆಗೆ. ಅದು ಚಿಕ್ಕಮಲ್ಲಮ್ಮ ಎಂಬ ರೈತ ಮಹಿಳೆಯದು. ಐವತ್ತು ದಾಟಿದ ಗಟ್ಟಿ ಹೆಂಗಸು. ಅಟ್ಟಣೆ ಮೇಲಿನಿಂದಲೇ ನಮ್ಮನ್ನು ಮಾತಾಡಿಸಿದರು, ಕೆಳಗಿಳಿಯುವ ಲಕ್ಷಣ ತೋರಲಿಲ್ಲ. ಪಕ್ಕದಲ್ಲಿ ಆರೇಳು ಅಡಿಯ ಬಿದಿರು ಕೋಲು, ಅದರ ತುದಿಗೆ ರಬ್ಬರ್ ಪಟ್ಟಿಯಲ್ಲಿ ಬಿಗಿದ ಟಾರ್ಚು.

ಲೈನಿನ ಕೆಳಗೇ ಏಕೆ ಕಟ್ಟಿದಿರಿ ಎಂದು ಕೇಳಿದೆ. ಪೇಟೆಯವನ ಪ್ರಶ್ನೆಗೆ ಸಿಗಬೇಕಾದ ಉತ್ತರವೇ ಸಿಕ್ಕಿತು.

“ಮತ್ತೆಲ್ಲಿ ಕಟ್ಟದು? ಲೈನ್ ಎಳ್ಯೋರು ಮರಗಿಡ ಎಲ್ಲಾ ಕಡ್ದು ದಾರಿ ಮಾಡವ್ರ. ಇಲ್ಲಿ ಕೂತ್ರ ಕಾಡಿನ ಅಂಚುಗಂಟ ಕಾಣ್ತದ. ಆನೆ ಅರ್ಧ ಮೈಲಿ ಇರೋವಾಗ್ಲೇ ಗೊತ್ತಾಯ್ತದ. ಮೂರು ತಿಂಗ್ಳಿಂದ ತಂತಿ ಸುಮ್ಗೇ ಅದ, ನಮ್ಗೇನು ಮಾಡೀತು?”

“ಸೋಮವಾರ ಕರೆಂಟ್ ಬುಡ್ತಾರ ಅವ್ವ,” ಎಂದರು ಶಿವರಂಜಿನಿ.

“ಬುಡ್ಲಿ. ನಾನೇನು ತಂತಿ ಮುಟ್ಟಕ್ಕೋದನಾ?”

ಶಿವರಂಜಿನಿ ವಾದ ಮಾಡಲಿಲ್ಲ. ಚಪ್ಪಲಿ ಬಿಟ್ಟು ಏಣಿ ಹತ್ತಿ ಅವರ ಪಕ್ಕ ಹೋಗಿ ಕೂತರು. “ಆನೆ ಬಂದಾಗ ಏನ್ ಮಾಡ್ತೀರ ಅವ್ವ, ಒಂದ್ಸಲ ಮಾಡಿ ತೋರ್ಸಿ” ಎಂದರು. ಚಿಕ್ಕಮಲ್ಲಮ್ಮ ಗರಿಯ ಚಾವಣಿಯಿಂದ ಈಚೆ ಬಂದು ಹಲಗೆಯ ತುದಿಯಲ್ಲಿ ನಿಂತರು, ಟಾರ್ಚು ಕಟ್ಟಿದ ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಆ ಕಡೆ ಈ ಕಡೆ ಆಡಿಸಿದರು. ಮಳೆಯಲ್ಲಿ ನೆನೆದ ಹಸಿ ಬಿದಿರು. ಕೋಲಿನ ತುದಿಗೂ ತಂತಿಗೂ ಒಂದು ಗೇಣು ಇತ್ತೋ ಇಲ್ಲವೋ. ಚಿಕ್ಕಮಲ್ಲಮ್ಮ ತಲೆ ಎತ್ತಿ ಅದನ್ನು ನೋಡಿದರು. ಮೆಲ್ಲಗೆ ಕೋಲು ಇಳಿಸಿ, ಅಲ್ಲೇ ಕುಕ್ಕರಿಸಿದರು.

“ಅಯ್ಯೋ ಶಿವ್ನೇ. ದಿನಾ ಇಂಗೇ ಎತ್ತುತಿದ್ನಲ್ಲಾ ಕಣ್ ಕೂಸು.”

ಆದರೂ ಅಟ್ಟಣೆ ಎಲ್ಲಿಗೆ ಸರಿಸಬೇಕು? ಜೋಳದ ನಡುವೆ ಇಟ್ಟರೆ ಆನೆ ಕಾಣುವುದಿಲ್ಲ, ಬೆಳೆ ಹೋದರೆ ವರ್ಷದ ಅನ್ನ ಹೋಯಿತು. ಶಿವರಂಜಿನಿ ಅದಕ್ಕೂ ತಯಾರಾಗಿ ಬಂದಿದ್ದರು. ಲೈನಿನಿಂದ ಹದಿನೈದು ಮೀಟರಿಗೂ ಇಪ್ಪತ್ತೈದು ಮೀಟರಿಗೂ ನಡುವೆ ನೆಲ ಎಲ್ಲಿ ಎತ್ತರವಿದೆ ಎಂದು ಹದಿನಾಲ್ಕು ಕಡೆಯದೂ ಗುರುವಾರ ಸಂಜೆಯೇ ಕಪ್ಪು ಪರದೆಯಲ್ಲಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. “ಆ ಹಳೇ ಬದು ಅದಲ್ಲ ಅವ್ವ, ಅದು ಇಲ್ಲಿಗಿಂತ ಒಂದೂಕಾಲು ಮೀಟರ್ ಎತ್ರ ಅದ. ಅಟ್ಟಣೆ ಅಲ್ಲಿಟ್ರ ಇಷ್ಟೇ ಕಾಣ್ತದ, ಇನ್ನೂ ಚೂರು ಜಾಸ್ತೀನೇ.” ಚಿಕ್ಕಮಲ್ಲಮ್ಮ ನಂಬದೆ ಬದುವಿನ ಮೇಲೆ ಹೋಗಿ ನಿಂತು, ಕೈ ಅಡ್ಡ ಹಿಡಿದು ಕಾಡಿನ ಕಡೆ ನೋಡಿದರು. ಬಂದು ಒಂದೇ ಮಾತು ಹೇಳಿದರು. “ಎಂಟಾಳು ಬೇಕಾಯ್ತದ.” ಅಕ್ಕಪಕ್ಕದ ಹೊಲದವರು ಬಂದರು. ಅಟ್ಟಣೆ ಇದ್ದ ಹಾಗೇ ಎದ್ದು, ಜೋಳದ ಸಾಲಿನ ಮೇಲೆ ತೇಲುತ್ತಾ ಹೋಗಿ, ಬದುವಿನ ಮೇಲೆ ಕೂತಿತು. ಎಂಟಾಳಿನಲ್ಲಿ ನಾನೂ ಒಬ್ಬ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ನಾನು ಹೊತ್ತದ್ದಕ್ಕಿಂತ ನೇತಾಡಿದ್ದೇ ಹೆಚ್ಚು ಎಂದು ಸೋಮೇಶ್ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಅದು ಬೇರೆ ವಿಷಯ.

ಹೊರಡುವ ಮೊದಲು ಶಿವರಂಜಿನಿ ಕೇಳಿದರು, “ಅವ್ವ, ನೀವು ಟಾರ್ಚ್ ಎತ್ತಿ ತೋರ್ಸೋದು ಯಾರ್ಗೆ?”

“ಆ ಕಡ ನನ್ ಮೈದುನಂಗೆ. ಈ ಕಡ ಮರಿಮಲ್ಲಪ್ಪಂಗೆ. ಆನೆ ಇತ್ಲಾಗ್ ಬಂತು ಅಂತ ಗೊತ್ತಾಗ್ಬೇಕಲ್ಲ. ಅವ್ರು ಅವ್ರ ಪಕ್ಕದೋರ್ಗೆ ತೋರುಸ್ತಾರ.”

ಪಟ್ಟಿ ತೆಗೆದು ನೋಡಿದರು. ಮೈದುನನ ಅಟ್ಟಣೆ ಇತ್ತು. ಮರಿಮಲ್ಲಪ್ಪನದು ಇರಲಿಲ್ಲ. ಅವರು ಕಟ್ಟಿ ಎಂಟೇ ದಿನವಾಗಿತ್ತು.

ಅಲ್ಲಿಂದ ಮುಂದಿನ ಎರಡು ದಿನ ಶಿವರಂಜಿನಿ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಟಾರ್ಚಿನ ದಾರಿ ಹಿಡಿದರು. ಪ್ರತಿ ಅಟ್ಟಣೆಯಲ್ಲೂ ಅದೇ ಪ್ರಶ್ನೆ. ನೀವು ಯಾರಿಗೆ ತೋರಿಸುತ್ತೀರಿ, ನಿಮಗೆ ಯಾರು ತೋರಿಸುತ್ತಾರೆ? ಒಬ್ಬರು ಹೇಳಿದವರ ಹತ್ತಿರ ಹೋಗಿ, ಅವರು ಹೇಳಿದವರ ಹತ್ತಿರ ಹೋಗಿ, ಹತ್ತೊಂಬತ್ತು ಕಿಲೋಮೀಟರನ್ನೂ ಹೊಲ ಬಿಡದೆ ಹಿಡಿದರು. ಇನ್ನೊಂದು ಹೊಸ ಅಟ್ಟಣೆ ಸಿಕ್ಕಿತು. ಹದಿನಾಲ್ಕು ಹದಿನಾರಾಯಿತು. ಕೆಲವರು ಕೂಡಲೇ ಸರಿಸಿದರು, ಒಬ್ಬರು ಬೈದು ಸರಿಸಿದರು, ಒಬ್ಬರು ಚಾವಣಿ ಸಮೇತ ಬಿಚ್ಚಿ ಬೇರೆ ಕಡೆ ಹೊಸದಾಗಿಯೇ ಕಟ್ಟಿದರು. ಭಾನುವಾರ ಮಧ್ಯಾಹ್ನ ಮೂರಕ್ಕೆ ಹದಿನಾರನೆಯದರ ಫೋಟೊ ತೆಗೆದಾಗ ಶಿವರಂಜಿನಿಯವರ ಸೀರೆಗೆ ಮೊಳಕಾಲಿನವರೆಗೆ ಕೆಸರು. ಕೇಳಿದರೆ, “ಇಷ್ಟು ವರ್ಷದಿಂದ ಚುಕ್ಕೆ ನೋಡ್ತಿದ್ದೆ ಸಾ, ಹೊಲ ಈಗ ನೋಡ್ದೆ” ಎಂದರು.

ಸಂಜೆ ಆಫೀಸಿನಲ್ಲಿ ಗುರುಪಾದಸ್ವಾಮಿ ಹೊಸ ವರದಿ ಬರೆಸುತ್ತಿದ್ದರು. ಮೊದಲ ಪುಟದಲ್ಲೇ, ಹಿಂದಿನ ವರದಿಯಲ್ಲಿ ಅಟ್ಟಣೆಗಳು ಬಿಟ್ಟುಹೋಗಲು ಸಾಫ್ಟ್‌ವೇರಿನ ದೋಷ ಕಾರಣ ಎಂದು ಹೇಳಿ ಬರೆಸಿದರು. ಅದನ್ನು ಟೈಪ್ ಮಾಡುತ್ತಿದ್ದ ಶಿವರಂಜಿನಿ ಕೈ ನಿಲ್ಲಿಸಿದರು.

“ಸಾಫ್ಟ್‌ವೇರು ಐದು ಮೀಟರ್ ಅಂತ ತಾನೇ ಇಟ್ಕತದಾ ಸಾ? ನಾನಿಟ್ಟೆ. ಅಂಗೇ ಬರೀತೀನಿ.”

“ನಿನ್ನ ಹೆಸರು ಯಾಕಮ್ಮ? ಸಹಿ ಮಾಡೋನು ನಾನು. ಬೈದ್ರೆ ನನ್ನ ಬೈತಾರೆ.” ಅದು ಕಾಪಾಡುವ ಮಾತೇ. ಯಜಮಾನರು ಆ ಹುಡುಗಿಯನ್ನು ಮಗಳಂತೆ ನೋಡುತ್ತಾರೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

“ಸಾಫ್ಟ್‌ವೇರ್ ತಪ್ಪು ಅಂದ್ರ ಅವ್ರು ಬೇರೆ ಸಾಫ್ಟ್‌ವೇರ್ ತಂದು ಇದೇ ಐದು ಮೀಟರ್ ಇಡ್ತಾರ. ಇನ್ನೊಂದು ಲೈನ್ ಕೆಳಗ ಇನ್ನೊಬ್ರು ಅಟ್ಟಣೆ ಮ್ಯಾಲ ಇರ್ತಾರ. ಯಾಕ್ ಇಟ್ಟೆ, ಏನ್ ಹೋಯ್ತು, ಎಂಗ್ ಹುಡ್ಕುದ್ವಿ, ಎಲ್ಲಾ ಬರೀತೀನಿ ಸಾ. ಕೆಳಗ ನನ್ ಹೆಸ್ರು ಇರ್ಲಿ.”

ಗುರುಪಾದಸ್ವಾಮಿ ಎದ್ದು ಕಿಟಕಿ ಮುಚ್ಚಿ ಬಂದು, “ಬರಿ” ಎಂದರು. ಶಿವರಂಜಿನಿ ಒಂದು ಪುಟ ಬರೆದರು. ಆರು ವರ್ಷದಲ್ಲಿ ಅವರ ಹೆಸರು ಮುದ್ರಣಗೊಂಡ ಮೊದಲ ವರದಿ ಅದು. ಆ ಪುಟ ಇರುವುದು ಅವರು ಮಾಡಿದ ತಪ್ಪಿನ ಬಗ್ಗೆ.

ಸೋಮವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಲೈನಿಗೆ ಕರೆಂಟ್ ಬಿಟ್ಟರು. ಹಂಗಳದ ಕಡೆ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ, ಅದಕ್ಕೇ ನಾನು ಇಷ್ಟುದ್ದ ಬರೆಯುತ್ತಿದ್ದೇನೆ. ಆ ಹೊತ್ತಿಗೆ ಶಿವರಂಜಿನಿ ಬೇರೊಂದು ಕೆರೆಯ ಚುಕ್ಕೆಗಳನ್ನು ಸೋಸಲು ಕೂತಾಗಿತ್ತು. ಕೆಳಗೆ ಮಿಲ್ಲು ಓಡುತ್ತಿದ್ದುದರಿಂದ ಸಣ್ಣ ಸಣ್ಣ ಫೈಲುಗಳನ್ನು ಮಾತ್ರ ಹಿಡಿದಿದ್ದರು. ಹನ್ನೆರಡಕ್ಕೆ ಆಫೀಸಿನ ಫೋನ್ ರಿಂಗಾಯಿತು. ಗುರುಪಾದಸ್ವಾಮಿ ಎತ್ತಿಕೊಂಡು ಕೇಳಿಸಿಕೊಂಡು, ಮಿಲ್ಲಿನ ಸದ್ದಿಗೆ ಸರಿಯಾಗಿ ಕೇಳಿಸದೆ, ಸ್ಪೀಕರಿಗೆ ಹಾಕಿದರು. ಎಂಜಿನಿಯರಿನ ದನಿ.

“ಈ ಪುಟದ ಕೆಳಗೆ ಒಂದು ಹೆಸರಿದೆಯಲ್ಲ ಸ್ವಾಮಿ, ಶಿವರಂಜಿನಿ ಅಂತ. ಅವರು ಯಾರು?”

ಗುರುಪಾದಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಶಿವರಂಜಿನಿ ಕುರ್ಚಿ ತಿರುಗಿಸಿ ಫೋನಿನ ಹತ್ತಿರ ಬಗ್ಗಿದರು. ಮಿಲ್ಲಿನ ಸದ್ದನ್ನು ಮೀರಿ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು.

“ನಾನೇ ಸಾ. ಐದು ಮೀಟರ್ ಇಟ್ಟವ್ಳೂ ನಾನೇ, ಹದಿನಾರು ಅಟ್ಟಣೆ ಹುಡ್ಕುದವ್ಳೂ ನಾನೇ.”